ಇಟಲಿಯಲ್ಲಿ ಚರಗ

ಜಹೀರಾಬಾದ್
18 ಜನವರಿ 2025, ಶನಿವಾರ

ಪ್ರೀತಿಯ ಕೌಸಿ,

ನಿನ್ನ ಗುಲಾಬಿಗಳು ದಿನಾ ಬೆಳಿಗ್ಗೆ ತಪ್ಪದೆ ನನ್ನ ಫೋನಿಗೆ ಬರುತ್ತಿವೆ. ಶುಭೋದಯದ ಗುಲಾಬಿ, ಶುಭ ಸೋಮವಾರದ ಗುಲಾಬಿ, ಏಕಾದಶಿಗೆ ಮಾತ್ರ ತುಳಸಿ. ಫೋನ್ ಮಾಡಿದರೆ ಎತ್ತುವುದಿಲ್ಲ. ‘ಹೇಗಿದ್ದೀ’ ಅಂತ ಬರೆದರೆ ಮತ್ತೊಂದು ಗುಲಾಬಿ. ನಿನ್ನ ಮನೆಯವರು ಹೋದಮೇಲೆ ನೀನು ನನಗೆ ಕಳಿಸಿದಷ್ಟು ಹೂವು ಈ ಊರಿನ ಯಾವ ದೇವರಿಗೂ ಏರಿಲ್ಲ. ಅದಕ್ಕೇ ಈಗ ಪೆನ್ನು ಹಿಡಿದು ಕೂತಿದ್ದೇನೆ. ಕಾಗದಕ್ಕೆ ಗುಲಾಬಿ ಹೇಗೆ ಕಳಿಸುತ್ತೀಯೋ ನೋಡುತ್ತೇನೆ.

ತಾಂಡೂರು ಬಸ್ಸಿನಲ್ಲಿ ನೀನು ಕಳಿಸಿದ ಕಟ್ಟು ಹೋದ ತಿಂಗಳೇ ಬಂದು ಮುಟ್ಟಿತು. ‘ಬಿಳಿ ಕಲ್ಲಿನ ಊರು’, ಇಟಲಿಯಲ್ಲಿ ನಡೆಯುವ ಕಾದಂಬರಿ, ಟೈಪು ಮಾಡಿದ ಹಾಳೆಗಳು, ಬರೆದವರ ಹೆಸರಿಲ್ಲ. ಜೊತೆಗೆ ನಿನ್ನದೊಂದು ಚೀಟಿ. ಇದು ಪರಿಚಯದವರೊಬ್ಬರು ಬರೆದದ್ದು, ಹೆಸರು ಹೇಳಬಾರದಂತೆ, ನಿಮ್ಮ ಓದುಕೂಟದವರು ಓದಿ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಂತೆ, ಚೆನ್ನಾಗಿಲ್ಲವೆಂದರೆ ಒಲೆಗೆ ಹಾಕಿ ಕೈ ತೊಳೆದುಕೊಳ್ಳುತ್ತಾರಂತೆ. ಆಯಿತು, ನಂಬಿದೆ. ಈ ಗ್ಯಾಸಿನ ಕಾಲದಲ್ಲಿ ನಿನ್ನ ಪರಿಚಯದವರು ಒಲೆಯನ್ನು ಎಲ್ಲಿಟ್ಟುಕೊಂಡಿದ್ದಾರೆ ಅಂತಲೂ ಕೇಳುವುದಿಲ್ಲ. ಆದರೆ ‘ನಿಮ್ಮ ಓದುಕೂಟ’ ಅಂತ ಬರೆದೆಯಲ್ಲ, ಅದಕ್ಕೆ ಸಿಟ್ಟು ಬಂತು. ಅದು ಯಾವಾಗಿನಿಂದ ನಮ್ಮದಾಯಿತು? ಹುಟ್ಟಿಸಿದವಳು ನೀನು.

ಇಟಲಿ ನಮಗೆ ಗಂಟು ಬಿದ್ದದ್ದು ಹೇಗೆಂದು ನೆನಪಿದೆಯಾ? ಆಗ ನೀನು ಇನ್ನೂ ನಮ್ಮ ಓಣಿಯಲ್ಲೇ ಇದ್ದೆ. ಬಸ್ ಸ್ಟ್ಯಾಂಡಿನ ಹಿಂದೆ ಮೊಗಲಪ್ಪನ ರದ್ದಿ ಅಂಗಡಿಗೆ ಹಳೆ ಪೇಪರು ಹಾಕಲು ಹೋದವಳು, ಒಯ್ದದ್ದಕ್ಕಿಂತ ಹೆಚ್ಚು ಭಾರ ಹೊತ್ತುಕೊಂಡು ಬಂದೆ. ಬೀದರದಿಂದ ಬಂದಿದ್ದ ಯಾರೋ ಊರು ಬಿಡುವಾಗ ರದ್ದಿಗೆ ಹಾಕಿದ ಕನ್ನಡ ಪುಸ್ತಕಗಳು. ಬಿಚ್ಚಿ ನೋಡಿದರೆ ಎಲ್ಲವೂ ಅನುವಾದ, ಎಲ್ಲವೂ ಇಟಲಿಯ ಕಥೆ. ಬೀದರದಲ್ಲಿ ಕೂತು ಅಷ್ಟೊಂದು ಇಟಲಿ ಓದಿದ ಪುಣ್ಯಾತ್ಮ ಯಾರು ಅಂತ ನಾವು ವಾರಗಟ್ಟಲೆ ಚರ್ಚೆ ಮಾಡಿದೆವು. ಬಜಾರಿನಲ್ಲಿ ತೆಲುಗು, ಆಟೋದವನ ಜೊತೆ ಉರ್ದು, ಮನೆಯೊಳಗೆ ಮಾತ್ರ ಕನ್ನಡ ಅಂತ ಬದುಕುವ ನಮ್ಮಂಥವರಿಗೆ ಕನ್ನಡ ಅಕ್ಷರ ಕಣ್ಣಿಗೆ ಬೀಳುವುದೇ ಅಪರೂಪ. ಅದು ಇಟಲಿಯದಾದರೇನು, ಲಂಕೆಯದಾದರೇನು ಅಂದೆ ನೀನು. ಮುಂದಿನ ಶನಿವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರನ್ನೂ ಕೂರಿಸಿಯೇ ಬಿಟ್ಟೆ.

ಆಮೇಲೆ ಪೀರಮ್ಮ ಬಂದಳು. ಪಸ್ತಾಪುರದ ರೈತ ಹೆಂಗಸರ ಸಂಘದ ರಾಗಿ, ಸಜ್ಜೆ ಮಾರಲು ಮನೆಗೆ ಬಂದವಳು ಪುಸ್ತಕ ಓದುವುದನ್ನು ಕೇಳುತ್ತ ಹೊಸ್ತಿಲಲ್ಲೇ ಕೂತುಬಿಟ್ಟಳು. ಅವಳಿಗೆ ಓದು ಬಾರದು, ಆದರೆ ಕೇಳಿದ್ದು ಮರೆಯುವುದಿಲ್ಲ. ಪುಸ್ತಕ ಒಯ್ದವರು ‘ಛಲೋ ಅದ’ ಅಂತ ಹೇಳಿ ವಾಪಸ್ ಕೊಟ್ಟು ಹೋಗುವುದು ನೋಡಿ ಅವಳಿಗೆ ಮೈ ಉರಿದಿತ್ತು. “ನಮ್ಮ ಸಂಘದಾಗ ಒಂದು ಸೇರು ಬೀಜ ಒಯ್ದಾಕಿ ಸುಗ್ಗಿಗೆ ಎರಡು ಸೇರು ತಿರುಗಿ ತಂದು ಹಾಕ್ತಾಳ. ನಿಮ್ಮ ಬುಕ್ಕೇನು ಪುಕಟ ಬಂದಾವೇನ್ರಿ?” ಅಂದಳು. ಅವತ್ತಿನಿಂದ ನಮ್ಮ ನಿಯಮವಾಯಿತು. ಒಂದು ಪುಸ್ತಕ ಒಯ್ದವರು ಎರಡು ಮಾತು ತರಬೇಕು, ಮೆಚ್ಚಿದ್ದೊಂದು, ಮೆಚ್ಚದ್ದೊಂದು. ಬರೀ ಹೊಗಳಿದವರಿಗೂ ಚಹಾ ಇಲ್ಲ, ಬರೀ ತೆಗಳಿದವರಿಗೂ ಇಲ್ಲ.

ಎಂಥ ಜಗಳಗಳಾದವು ಕೌಸಿ! ನೀರಿನ ಮೇಲಿನ ಊರಿನ ಆ ಗಾಜಿನ ಕೆಲಸದವನ ಮಗಳ ಕಥೆಗೆ ಅಮೃತಬಾಯಿ ಸೆರಗು ಒದ್ದೆ ಮಾಡಿಕೊಂಡರೆ, ಪೀರಮ್ಮ “ನೀರಾಗ ಮನಿ ಕಟ್ಟ್ಯಾರ, ಮಳಿಗಾಲದಾಗ ಕಟಗಿ ಹ್ಯಾಂಗ ಒಣಗಸ್ತಾರ? ಅದನ್ನ ಬರದೇ ಇಲ್ಲಲ್ಲ” ಅಂತ ಹಟ ಹಿಡಿದಳು. ಆಲಿವ್ ಅನ್ನುವ ಎಣ್ಣೆಕಾಯಿಯ ತೋಪಿಗಾಗಿ ಮಾತು ಬಿಟ್ಟ ಅಕ್ಕತಂಗಿಯರ ಪುಸ್ತಕ ನನಗೆ ಸೇರಲಿಲ್ಲ, ಮುನ್ನೂರು ಪುಟ ಮುನಿಸು ಯಾರಿಗೆ ಬೇಕು ಅಂದಿದ್ದೆ. ನೀನು ಅದನ್ನೇ ಎದೆಗವಚಿಕೊಂಡೆ. ನಾರಾಯಣಖೇಡದ ಹತ್ತಿರ ನಿನ್ನ ಸಿರ್ಗಾಪುರದ ತವರಿನಲ್ಲಿ ಒಂದು ಬದುವಿಗಾಗಿ ಮಾತು ಬಿಟ್ಟ ಚಿಕ್ಕಪ್ಪಂದಿರಿದ್ದಾರೆ, ಮುನ್ನೂರು ಪುಟ ಅವರಿಗೆ ಸಾಲದು ಅಂದೆ. ಆ ಪುಸ್ತಕಗಳಲ್ಲಿ ನೀನು ಮೆಚ್ಚದ ಒಂದು ಮಾತು ನನಗೆ ಇನ್ನೂ ನೆನಪಿದೆ. ಇಟಲಿಯ ಹೆಂಗಸರು ದುಃಖ ಬಂದರೆ ಕಿಟಕಿಗೆ ಬಂದು ಅಳುತ್ತಾರೆ, ನಾವು ಅಡುಗೆಮನೆಗೆ ಹೋಗಿ ಅಳುತ್ತೇವೆ, ಅದಕ್ಕೇ ನನಗೆ ಇವರ ಮೇಲೆ ನಂಬಿಕೆ ಬರುವುದಿಲ್ಲ ಅಂದಿದ್ದೆ.

ಆತ್ಮಾರಾಮಣ್ಣ ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಕಾರ್ಖಾನೆ ಹಾಕಿ ನಿನ್ನನ್ನು ಕರೆದುಕೊಂಡು ಹೋದಮೇಲೂ ತಿಂಗಳಿಗೊಂದು ಶನಿವಾರ ಬಸ್ಸು ಹತ್ತಿ ಬರುತ್ತಿದ್ದೆ. ಚೀಲದಲ್ಲಿ ತಾಂಡೂರಿನ ತೊಗರಿಬೇಳೆ, ಪುಸ್ತಕ, ಮೇಲೆ ಒಂದು ಗಂಟು ಮಾತು. ಹೋದ ವರ್ಷದ ಹಿಂದಿನ ದೀಪಾವಳಿ ಮುಗಿದ ವಾರವೇ ಆತ್ಮಾರಾಮಣ್ಣ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಮಣ್ಣಿಗೆ ನಾವೆಲ್ಲ ಬಂದಿದ್ದೆವು. ನೀನು ಒಂದು ಹನಿ ಅಳಲಿಲ್ಲ, ಬಂದವರಿಗೆಲ್ಲ ನೀರು ಕೊಟ್ಟಿರಾ ಅಂತ ಕೇಳುತ್ತಿದ್ದೆ. ಆಮೇಲೆ ನೀನು ಬರಲಿಲ್ಲ. ಚಾಪೆಯ ಮೇಲೆ ನಿನ್ನ ಜಾಗದಲ್ಲಿ ಈಗ ಅಮೃತಬಾಯಿ ಕೊಹೀರಿನಿಂದ ತರುವ ಪೇರಲದ ಬುಟ್ಟಿ ಕೂರುತ್ತದೆ.

ಇರಲಿ. ಕಾದಂಬರಿಗೆ ಬರುತ್ತೇನೆ. ಓದಿ ಹೇಳುವ ಕೆಲಸ ನನ್ನದಾಗಿತ್ತು. ಕೇಳಿದವರು ಪೀರಮ್ಮ, ಅಮೃತಬಾಯಿ, ಮತ್ತೆ ನನ್ನ ನೆಗೆಣ್ಣಿ ತಾರಾಬಾಯಿ. ಅವಳು ನಿನಗೆ ಗೊತ್ತಲ್ಲ, ಮಾತು ಕಡಿಮೆ, ನೋಟ ಜಾಸ್ತಿ. ಬೆಟ್ಟದ ಮೇಲೆ ಬಿಳಿ ಕಲ್ಲು ಕಡಿಯುವ ಊರು, ಅಲ್ಲಿ ಕಲ್ಲಿನ ವ್ಯಾಪಾರ ಮಾಡುವ ಗಂಡ, ಹೆಂಡತಿ ರೋಸಾ, ಪಕ್ಕದ ಊರಿನಲ್ಲಿ ಅವಳ ಗೆಳತಿ ಬಿಯಾಂಕಾ. ಗಂಡ ಒಂದು ದಿನ ಊಟಕ್ಕೆ ಕೂತಲ್ಲೇ ಸಾಯುತ್ತಾನೆ, ಉಳಿದದ್ದೆಲ್ಲ ಆಮೇಲಿನ ರೋಸಾಳ ಕಥೆ.

ಮೊದಲು ಎಲ್ಲರೂ ಒಪ್ಪಿದ್ದು ಹೇಳುತ್ತೇನೆ. ಗಿರಾಕಿಗಳು ಬಂದಾಗ ಗಂಡ ಒಂದು ಚಂಬು ನೀರು ತಂದು ಬಂಡೆಯ ಮೇಲೆ ಸುರಿಯುತ್ತಾನೆ, ಒದ್ದೆಯಾದಾಗಲೇ ಕಲ್ಲಿನ ನಿಜವಾದ ಬಣ್ಣ ತಿಳಿಯುವುದು ಅನ್ನುತ್ತಾನೆ. ಅವನು ಹೋದಮೇಲೆ ರೋಸಾ ದಿನಾ ಸಂಜೆ ಅದೇ ಚಂಬಿನಲ್ಲಿ ನೀರು ತುಂಬಿ ಒಂದು ಬಂಡೆಯ ಮೇಲೆ ಸುರಿದು, ಅದು ಆರುವವರೆಗೆ ನೋಡುತ್ತ ನಿಲ್ಲುತ್ತಾಳೆ. ಪೀರಮ್ಮ ಅದನ್ನು ಎರಡು ಸಲ ಓದಿಸಿದಳು. ನನಗಂತೂ ನಿಮ್ಮ ಕಾರ್ಖಾನೆಗೆ ಮೊದಲ ಸಲ ಬಂದ ದಿನ ಕಣ್ಣ ಮುಂದೆ ಬಂತು. ಆತ್ಮಾರಾಮಣ್ಣ ಪರಸಿಯ ಮೇಲೆ ನೀರು ಸುರಿದು “ಈಗ ನೋಡ್ರಿ ಪ್ರೇಮಲಕ್ಕ, ಕಲ್ಲು ಖರೆ ಮಾತಾಡ್ತದ” ಅಂದಿದ್ದರು. ಕಲ್ಲಿನವರೆಲ್ಲ ಒಂದೇ ಥರ ಇರಬಹುದು, ಇಟಲಿಯಲ್ಲಾಗಲಿ ತಾಂಡೂರಿನಲ್ಲಾಗಲಿ.

ರೋಸಾ ಅಳುವುದು ಅಡುಗೆಮನೆಯಲ್ಲಿ, ಕೈಯಲ್ಲಿ ಸೌಟು ಹಿಡಿದುಕೊಂಡು. ಅವಳು ಒಮ್ಮೆಯೂ ಕಿಟಕಿಗೆ ಬರುವುದಿಲ್ಲ. ಇದನ್ನು ಓದಿದಾಗ ತಾರಾಬಾಯಿ ನನ್ನ ಕಡೆ ನೋಡಿದಳು. ನಾನು ಪುಟ ತಿರುವಿದೆ.

ಬಿಯಾಂಕಾಳ ಬಗ್ಗೆ ಮಾತ್ರ ನನ್ನ ತಕರಾರಿದೆ. ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಎದುರಿನವರ ಮಾತು ಮುಗಿಯುವ ಮೊದಲೇ ತನ್ನದನ್ನು ಶುರು ಮಾಡುವ, ದನಿ ಎತ್ತಿದರೆ ಓಣಿಯಾಚೆಗೂ ಕೇಳುವ, ನಡೆದರೆ ನೆಲ ಅದುರುವ ಹೆಂಗಸು ಅಂತ ಬರೆದಿದ್ದಾರೆ. ಅಮೃತಬಾಯಿ ಪೇರಲ ಕಚ್ಚುತ್ತ, ಗೋಡೆ ನೋಡುತ್ತ, “ಈ ಬಿಯಾಂಕಾನ್ನ ಎಲ್ಲೋ ನೋಡಿದಂಗದ” ಅಂದಳು. ಪೀರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಕನ್ನಡಕ ಮೇಲಕ್ಕೇರಿಸಿ, ಇಂಥವರು ಎಲ್ಲ ದೇಶದಲ್ಲೂ ಇರುತ್ತಾರೆ, ಮುಂದೆ ಕೇಳಿರಿ ಅಂದೆ. ನಿನ್ನ ಪರಿಚಯದವರಿಗೆ ತಿಳಿಸು: ನೆಲ ಅದುರುವ ಮಾತು ಅತಿಯಾಯಿತು.

ಆಮೇಲೆ ಆ ಅಧ್ಯಾಯ ಬಂತು. ಎಳ್ಳಮಾವಾಸ್ಯೆಗೆ ಎರಡೇ ದಿನ ಇತ್ತು. ಮನೆಯಲ್ಲಿ ಹಬ್ಬದ ಭಜ್ಜಿ ಪಲ್ಯಕ್ಕೆ ಸೊಪ್ಪು, ಕಾಳು ಆರಿಸಿ ಇಟ್ಟಿದ್ದೆ. ಪುಸ್ತಕದಲ್ಲಿಯೂ ಚಳಿಗಾಲ. ರೋಸಾ ಮದುವೆಯಾಗಿ ಬಂದ ಮೊದಲ ವರ್ಷ ನೆನಪು ಮಾಡಿಕೊಳ್ಳುತ್ತಾಳೆ. ಚಂದ್ರನಿಲ್ಲದ ದಿನ, ಅತ್ತೆಯ ಜೊತೆ ದೊಡ್ಡ ಗಡಿಗೆ ಹೊತ್ತು ದ್ರಾಕ್ಷಿ ಹೊಲಕ್ಕೆ ಹೋಗುತ್ತಾಳೆ. ಅತ್ತೆ ಮುಂದೆ ಮುಂದೆ ಬೇಯಿಸಿದ ಕಾಳು, ರೊಟ್ಟಿಯ ತುಣುಕು ಹೊಲದ ಸುತ್ತ ಎರಚುತ್ತ ಕೂಗುತ್ತಾಳೆ. ರೋಸಾ ಹಿಂದೆ ಹಿಂದೆ ನೀರು ಚಿಮುಕಿಸುತ್ತ ಹೋಗುತ್ತಾಳೆ. ಭೂಮಿ ಬಸಿರಿ, ಅವಳ ಬಯಕೆಗೆ ಇದು ಅಂತ ಅತ್ತೆ ಹೇಳುತ್ತಾಳೆ.

“ಏ, ತಡೀರಿ ತಡೀರಿ!” ಅಂತ ಪೀರಮ್ಮ ಕೈ ಎತ್ತಿದಳು. “ಇಟಲಿದಾಗೂ ನಮ್ಮ ಎಳ್ಳಮಾಸಿ ಹಂಗ ಹೊಲಕ್ಕ ಚರಗ ಚೆಲ್ತಾರೇನ್ರಿ?”

ಅಮೃತಬಾಯಿ ಸೋಲುವವಳಲ್ಲ. “ಯಾಕ ಚೆಲ್ಲಬಾರ್ದು? ಅಮಾಸಿ ಏನು ನಮ್ಮೂರಾಗಷ್ಟೇ ಬರ್ತದೇನು?” ಅಂದಳು. ಮೊದಲು ಎಲ್ಲರೂ ನಕ್ಕೆವು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನೂರಾರು ಪುಟ ಅವರ ಊಟ, ಅವರ ಚರ್ಚು, ಅವರ ಗಾಳಿಯ ಹೆಸರು ಎಲ್ಲ ಸರಿಯಾಗಿ ಬರೆದ ನಿನ್ನ ಪರಿಚಯದವರು, ಹೊಲದೊಳಗೆ ಕಾಲಿಟ್ಟ ಕೂಡಲೇ ಜಗತ್ತಿನ ಎಲ್ಲ ಹೊಲಕ್ಕೂ ಚರಗ ಚೆಲ್ಲುತ್ತಾರೆಂದು ತಿಳಿದುಕೊಂಡಿದ್ದಾರೆ. ಹಾಗೆ ತಿಳಿಯುವವರು ನಾರಾಯಣಖೇಡದ ಕಡೆ ಹುಟ್ಟಿದವರು ಮಾತ್ರ. ನಗು ನಿಂತಮೇಲೆ ಸ್ವಲ್ಪ ಹೊತ್ತು ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತೆಂದು ಮನೆಯವರೂ ಕಣ್ಣು ಮುಚ್ಚಿಕೊಳ್ಳಬೇಕೆ? ಆದರೆ ನಾವು ಮುಚ್ಚಿಕೊಂಡೆವು. ಹೆಸರು ಹೇಳಬಾರದೆಂದಿದ್ದೀಯಲ್ಲ, ಯಾರೂ ಹೇಳಲಿಲ್ಲ.

ಇದನ್ನು ಇಟಲಿಯಲ್ಲಿ ಯಾಕೆ ಇಟ್ಟರು ಅಂತ ಆಮೇಲೆ ತುಂಬ ಯೋಚಿಸಿದೆ. ಮೊದಲು ಸಿಟ್ಟೇ ಬಂತು, ನಮ್ಮ ಊರುಗಳೇನು ಸಾಲದೇ ಅಂತ. ಆಮೇಲೆ ಅನಿಸಿತು, ತಾಂಡೂರು ಅಂತ ಬರೆದಿದ್ದರೆ ಮೊದಲ ಸಾಲಿನಲ್ಲೇ ಕೈ ನಿಂತುಬಿಡುತ್ತಿತ್ತೇನೋ. ಹತ್ತಿರವಿದ್ದಾಗ ನೋಡಲಾಗದ್ದನ್ನು ಅಷ್ಟು ದೂರ ಒಯ್ದು ಇಟ್ಟು ನೋಡಿದ್ದಾರೆ. ನನಗೆ ಅದು ಅರ್ಥವಾಗುತ್ತದೆ, ಕೌಸಿ.

ಇನ್ನು ಕದದ ಅಧ್ಯಾಯ. ಗಂಡ ಸತ್ತ ಕೆಲವೇ ವಾರಕ್ಕೆ, ಹಬ್ಬದ ದಿನ, ಬಿಯಾಂಕಾ ಬಸ್ಸು ಹತ್ತಿ ರೋಸಾಳ ಮನೆಗೆ ಬರುತ್ತಾಳೆ. ಕೈಯಲ್ಲಿ ಹಳದಿ ಅಂಚಿನ ಹಸಿರು ಬಟ್ಟೆಯ ಗಂಟು, ಅದರೊಳಗೆ ಎಳ್ಳು ಹಚ್ಚಿದ ರೊಟ್ಟಿ. ಕದ ಬಡಿಯುತ್ತಾಳೆ, ಹೆಸರು ಹಿಡಿದು ಕರೆಯುತ್ತಾಳೆ, ಕದ ತೆರೆಯುವುದಿಲ್ಲ. ಕಲ್ಲು ಮೆಟ್ಟಿಲ ಮೇಲೆ ಕೂರುತ್ತಾಳೆ. ರೋಸಾ ಕದದ ಆ ಕಡೆ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಗೆಳತಿಯ ಕೆಮ್ಮು ಕೇಳುತ್ತದೆ, ಓಣಿಯ ನಾಯಿಯನ್ನು ಮಾತಾಡಿಸುವುದು ಕೇಳುತ್ತದೆ, ಬಳೆಯ ಸದ್ದು ಕೇಳುತ್ತದೆ. ಚಿಲಕ ತೆಗೆದರೆ ಬಿಯಾಂಕಾ ತನ್ನನ್ನು ನೋಡಿ ಅಳುತ್ತಾಳೆ, ಅವಳು ಅತ್ತರೆ ಗಂಡ ಸತ್ತದ್ದು ನಿಜವಾಗಿಬಿಡುತ್ತದೆ. ಅದಕ್ಕೆ ಕೈ ಮೇಲೇಳುವುದಿಲ್ಲ. ಸಂಜೆ ಬಿಯಾಂಕಾ ಗಂಟನ್ನು ಮೆಟ್ಟಿಲ ಮೇಲಿಟ್ಟು ಎದ್ದು ಹೋಗುತ್ತಾಳೆ. ಕದ ಮುಚ್ಚಿಯೇ ಇರುತ್ತದೆ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ.

ಇದನ್ನು ನಾನು ಪೂರ್ತಿ ಓದಲಿಲ್ಲ. ಕನ್ನಡಕ ತೆಗೆದು ಒರೆಸಿದೆ. ಹಳೆ ಚಾಪೆಯ ಧೂಳು ಅಂದೆ. ತಾರಾಬಾಯಿ ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಉಳಿದದ್ದನ್ನು ಓದಿದಳು. ನಾನು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಬಹಳ ಹೊತ್ತು ಇಟ್ಟೆ.

ಕೊನೆಯ ಬಗ್ಗೆ ನಮ್ಮಲ್ಲಿ ಒಮ್ಮತವಿಲ್ಲ. ಅಮೃತಬಾಯಿ ಸಿಟ್ಟಾಗಿದ್ದಾಳೆ, “ಇಷ್ಟು ಓದಿಸಿ ಬಾಗ್ಲ ಸೈತ ತೆಗೀಲಿಲ್ಲ ಅಂದ್ರ ಹ್ಯಾಂಗ?” ಅನ್ನುತ್ತಾಳೆ. ಪೀರಮ್ಮ ಇದೇ ಸರಿ ಅನ್ನುತ್ತಾಳೆ. ಅವಳ ಗಂಡ ಹೋದಾಗ ಅವಳೂ ಹಾಗೆಯೇ ಒಳಗೆ ಕೂತಿದ್ದಳಂತೆ. “ಬಡಿದ್ರ ತೆರೆಯೋ ಬಾಗ್ಲಲ್ಲ ಅದು, ಅದರದೂ ಒಂದು ವ್ಯಾಳ್ಯಾ ಬರಬೇಕು” ಅಂದಳು. ಇಬ್ಬರೂ ಅವತ್ತು ಚಹಾ ಕುಡಿಯುವಾಗ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತಿದ್ದರು. ತಾರಾಬಾಯಿ ಮಾತ್ರ, ಇದು ಮುಗಿದಿಲ್ಲ, ಬರೆದವರು ಸುಸ್ತಾಗಿ ನಿಲ್ಲಿಸಿದ್ದಾರೆ ಅಂದಳು.

ನಿಯಮದಂತೆ ನನ್ನ ಎರಡು ಮಾತು. ಮೆಚ್ಚಿದ್ದು, ಚಿಲಕದ ಮೇಲಿನ ಆ ಕೈ. ಕದದ ಹಿಂದೆ ಒಬ್ಬಳು ನಿಂತಿದ್ದಳು ಎಂದು ತಿಳಿದದ್ದೇ ನನಗೆ ದೊಡ್ಡದು. ಮೆಚ್ಚದ್ದು, ಬರೆದವರಿಗೆ ರೋಸಾಳ ಒಳಗು ಗೊತ್ತು, ಬಿಯಾಂಕಾಳ ಒಳಗು ಗೊತ್ತಿಲ್ಲ. ಅವಳು ಮನೆಗೆ ಹೋಗಿ ಏನು ಮಾಡಿರಬಹುದು? ‘ಇವಳಿಗೆ ನಾನು ಬೇಡವಾದೆ’ ಅಂದುಕೊಂಡಿರುತ್ತಾಳೆ. ಮನೆಯವರಿಗೆ, ರೋಸಾ ಊರಲ್ಲಿರಲಿಲ್ಲ, ತವರಿಗೆ ಹೋಗಿದ್ದಳು ಅಂತ ಹೇಳಿರುತ್ತಾಳೆ. ವರ್ಷವಿಡೀ ಪಾತ್ರೆ ಕುಕ್ಕುತ್ತ ಕೆಲಸ ಮಾಡಿರುತ್ತಾಳೆ. ಈ ಸಲ ಹಬ್ಬಕ್ಕೆ ರೊಟ್ಟಿ ಬಡಿಯುವಾಗ ಎಳ್ಳು ಹಚ್ಚಲು ಮನಸ್ಸು ಬಾರದೆ ಸುಮ್ಮನೆ ನಿಂತಿರುತ್ತಾಳೆ. ಇದನ್ನೆಲ್ಲ ಬರೆಯಬೇಕು. ಬರೆಯದೆ ಒಲೆಗೆ ಹಾಕುವ ಹಕ್ಕು ಅವರಿಗಿಲ್ಲ.

ಅಂದ ಹಾಗೆ, ಒಲೆಯ ಮಾತು ಇನ್ನು ನಡೆಯುವುದಿಲ್ಲ. ಪೀರಮ್ಮನ ಕಾನೂನು ನಿನಗೆ ಗೊತ್ತಲ್ಲ, ಒಂದು ಒಯ್ದವರು ಎರಡು ತಿರುಗಿಸಬೇಕು. ಇಡೀ ಕಾದಂಬರಿಯನ್ನು ಝೆರಾಕ್ಸ್ ಮಾಡಿಸಿದ್ದೇನೆ. ಒಂದು ಪ್ರತಿ ಅಮೃತಬಾಯಿಯ ಟ್ರಂಕಿನಲ್ಲಿ ಭದ್ರವಾಗಿದೆ. ನೀನು ಕಳಿಸಿದ್ದನ್ನು ಬಸ್ಸಿನಲ್ಲಿ ಹಾಕುವುದಿಲ್ಲ, ನಾನೇ ತರುತ್ತೇನೆ. ಇಪ್ಪತ್ತಾರನೇ ತಾರೀಖು ಭಾನುವಾರ, ಝೆಂಡಾ ಹಬ್ಬದ ದಿನ, ಬೆಳಗಿನ ತಾಂಡೂರು ಬಸ್ಸಿಗೆ ಹೊರಡುತ್ತೇನೆ. ನೀನು ಕದ ತೆರೆಯುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ, ಭಯವೂ ಇದೆ. ತೆರೆಯದಿದ್ದರೆ ಮೆಟ್ಟಿಲ ಮೇಲೆ ಕೂತು ಕಾದಂಬರಿಯನ್ನು ಮೊದಲ ಪುಟದಿಂದ ಗಟ್ಟಿಯಾಗಿ ಓದುತ್ತೇನೆ. ನನ್ನ ದನಿ ಎಂಥದು ಅಂತ ಬಿಯಾಂಕಾಳ ಅಧ್ಯಾಯದಲ್ಲೇ ಬರೆದಿದೆ. ಅಳುವುದಿಲ್ಲ, ಮಾತು ಕೊಡುತ್ತೇನೆ. ಅಳು ಬಂದರೆ ನಿನ್ನ ಅಡುಗೆಮನೆ ಎಲ್ಲಿದೆ ಅಂತ ನನಗೆ ಗೊತ್ತಿದೆ, ಇಬ್ಬರೂ ಅಲ್ಲಿಗೇ ಹೋಗೋಣ.

ಶನಿವಾರದ ಚಾಪೆಯ ಎಲ್ಲರೂ ನಿನ್ನನ್ನು ಕೇಳಿದ್ದಾರೆ.

ಎಂದಿಗೂ ನಿನ್ನವಳೇ,
ಪ್ರೇಮಲಾ

ತಾ. ಕ.: ಒಂದು ತಪ್ಪು ತಿದ್ದಬೇಕು, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಕೊನೆಯ ಪುಟದಲ್ಲಿ ‘ಬಿಯಾಂಕಾ ಒಮ್ಮೆಯೂ ತಿರುಗಿ ನೋಡದೆ ಹೊರಟುಹೋದಳು’ ಅಂತಿದೆ. ಕದದ ಹಿಂದೆ ನಿಂತವರಿಗೆ ಅದು ಕಾಣುವುದಿಲ್ಲ, ಅದು ನಿನ್ನ ತಪ್ಪಲ್ಲ. ಹೋದ ವರ್ಷ ಸಂಕ್ರಾಂತಿಯ ಹಿಂದಿನ ಆ ಭೋಗಿ ದಿನ ನಾನು ನಿಮ್ಮ ಕಾರ್ಖಾನೆಯ ಮೂಲೆಯಲ್ಲಿ, ಪರಸಿ ಜೋಡಿಸಿಟ್ಟ ಕಡೆ, ತಿರುಗಿ ನಿಂತೆ. ಬಸ್ಸು ಹೋದರೂ ಹೋಗಲಿ ಅಂತ ಕತ್ತಲಾಗುವ ತನಕ ನಿನ್ನ ಕದವನ್ನೇ ನೋಡುತ್ತ ನಿಂತಿದ್ದೆ, ಕೌಸಿ. ಅದನ್ನು ಸೇರಿಸು.